ಲ್ಯಾವೆಂಡರ್ ಬೇರಿನ ನೀರು ಕುಡಿದಿದ್ದೀರಾ?

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಅತ್ತೆ ನನ್ನ ಕೈಗೆ ಒಂದು ಲೋಟ ನೀರು ಕೊಟ್ಟರು.

ಇದರಲ್ಲೇನು ಮಹಾ ಅನ್ನಬೇಡಿ. ನನಗೆ ಮದುವೆಯಾಗಿ ಇಪ್ಪತ್ತಮೂರು ವರ್ಷವಾಯಿತು. ಇಷ್ಟೂ ವರ್ಷದಲ್ಲಿ ಅತ್ತೆ (ಹೆಂಡತಿಯ ತಾಯಿ) ನನ್ನ ಎದುರು ನಿಂತು ಮಾತಾಡಿದವರಲ್ಲ. ಪಂಚನಹಳ್ಳಿ ಕಡೆಯವರು. ಅಳಿಯ ಕಂಡರೆ ಸೆರಗು ಸರಿಮಾಡಿಕೊಂಡು ಬಾಗಿಲ ಹಿಂದೆ ಸರಿಯುವ ಪೈಕಿ. ನನಗೆ ಹೇಳಬೇಕಾದ್ದನ್ನೆಲ್ಲ ನನ್ನ ಹೆಂಡತಿ ಗಿರಿಜಳಿಗೆ ಹೇಳುತ್ತಾರೆ. ನಾನು ಎರಡು ಅಡಿ ದೂರದಲ್ಲಿ ಕೂತಿದ್ದರೂ ಅಷ್ಟೇ. “ಊಟಕ್ಕೆ ಏಳ್ತಾರಾ ಕೇಳೇ” ಅನ್ನುತ್ತಾರೆ. ಗಿರಿಜ ನನ್ನ ಕಡೆ ತಿರುಗಿ “ಊಟಕ್ಕೆ ಏಳ್ತೀರಾ” ಅನ್ನುತ್ತಾಳೆ. ನಾನು “ಹತ್ತು ನಿಮಿಷ” ಅಂದರೆ, ಅವಳು ಅತ್ತ ತಿರುಗಿ “ಹತ್ತು ನಿಮಿಷ ಅಂತೆ” ಅನ್ನುತ್ತಾಳೆ. ವಿಧಾನಸಭೆಯಲ್ಲಿ ಎಲ್ಲರೂ ಸ್ಪೀಕರ್ ಮೂಲಕವೇ ಮಾತಾಡಬೇಕಲ್ಲ, ನಮ್ಮ ಮನೆಯಲ್ಲೂ ಅದೇ ನಿಯಮ. (ನಮ್ಮಲ್ಲಿ ಇನ್ನೂ ಯಾರೂ ಮೈಕ್ ಕಿತ್ತಿಲ್ಲ.)

ತೀರಾ ಅನಿವಾರ್ಯವಾದರೆ, ಗಿರಿಜ ಮನೆಯಲ್ಲಿ ಇಲ್ಲದಿದ್ದರೆ, ಅತ್ತೆ ಕಂಬಕ್ಕೋ ಬೆಕ್ಕಿಗೋ ಹೇಳುತ್ತಾರೆ. “ಗ್ಯಾಸಿನೋರು ಬಂದವ್ರೆ ಅಂತ ಕಾಣ್ತದೆ” ಅಂತ ಬೆಕ್ಕಿಗೆ ಹೇಳಿದರೆ ಎದ್ದು ಹೋಗಬೇಕಾದವನು ನಾನು. ಬೆಕ್ಕಿಗೂ ಇದು ಗೊತ್ತು. ಅದು ಮಿಸುಕುವುದಿಲ್ಲ.

ಅಂಥವರು ಸೀದಾ ನನ್ನ ಮುಂದೆ ಬಂದು, ಲೋಟ ಚಾಚಿ, “ತಗಳ್ಳಿ, ಕುಡೀರಿ” ಅಂದರು. ಆ ಲೋಟದಲ್ಲಿ ನನ್ನ ಮೂರು ತಿಂಗಳ ಶ್ರಮ ಕರಗಿದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಮೊದಲಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ಗೊತ್ತೇ ಇದೆ, ನಾನು ಸರ್ವೆಯರ್. ಮನೆ ಕಡೂರು, ಕೆಲಸ ಅಜ್ಜಂಪುರದ ಕಡೆ. ಒಂದು ಗೇಣು ಬದುವಿಗಾಗಿ ಹೊಡೆದಾಡುವ ಅಣ್ಣತಮ್ಮಂದಿರ ನಡುವೆ ಕಲ್ಲು ನೆಡಿಸುವುದು ನನ್ನ ಉದ್ಯೋಗ. ಕಲ್ಲು ಆ ಕಡೆ ಹೋದರೆ ಈ ಕಡೆಯವರು ಬೈಯುತ್ತಾರೆ, ಈ ಕಡೆ ಬಂದರೆ ಆ ಕಡೆಯವರು. ಸರಿಯಾದ ಜಾಗದಲ್ಲಿ ನೆಟ್ಟರೆ ಇಬ್ಬರೂ ಒಂದಾಗಿ ಬೈಯುತ್ತಾರೆ. ಸಂಜೆ ಮನೆ ಸೇರುವ ಹೊತ್ತಿಗೆ ತಲೆ ಸಿಡಿಯುತ್ತಿರುತ್ತದೆ. ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು.

ಆಗ ಮೊಬೈಲಿನಲ್ಲಿ ಒಂದು ರೀಲ್ ಬಂತು. ಬಿಳಿ ಬಾಲ್ಕನಿ, ಬಿಳಿ ಕುರ್ಚಿ, ಬಿಳಿ ಬಟ್ಟೆಯ ಹೆಣ್ಣುಮಗಳು, ಪಕ್ಕದಲ್ಲಿ ನೇರಳೆ ಹೂವಿನ ಕುಂಡ. ಆಕೆ ಹೂವನ್ನು ಮೂಸಿ ಕಣ್ಣು ಮುಚ್ಚಿದಳು. ಮನೆಯಲ್ಲಿ ಒಂದು ಲ್ಯಾವೆಂಡರ್ ಇದ್ದರೆ ಸಾಕಂತೆ, ಟೆನ್ಷನ್ ಮಂಗಮಾಯ. ತಲೆನೋವು ಹತ್ತಿರ ಸುಳಿಯುವುದಿಲ್ಲ. ಸೊಳ್ಳೆಯೂ ಬರುವುದಿಲ್ಲ. ಆಕೆಗೆ ಅಷ್ಟೊಂದು ಟೆನ್ಷನ್ ಎಲ್ಲಿಂದ ಬಂತು? ಪಾಲಾದ ಜಮೀನಿನ ಪೋಡಿ ಅಳತೆ ಬಾಕಿ ಇತ್ತೇ? ಹಾಗೆಲ್ಲ ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ.

ಮುಂದಿನ ಭಾನುವಾರ ತರೀಕೆರೆಯಲ್ಲಿ ಮದುವೆಯೂಟ. ಊಟ ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ದಾರಿಯಲ್ಲೊಂದು ನರ್ಸರಿ. ಕೇಳಿದೆ. ಇತ್ತು! ಗೇಣುದ್ದ, ಬೂದುಬಣ್ಣದ ಎಲೆ, ತುದಿಯಲ್ಲಿ ಎರಡೇ ಎರಡು ಮೊಗ್ಗು.

“ಇದಕ್ಕೆ ಆರೈಕೆ ಏನ್ರೀ?” ಅಂದೆ.

ನರ್ಸರಿಯವರು ಎಲೆಅಡಿಕೆ ಉಗಿದು ಬಂದು ಹೇಳಿದರು. “ಏನೂ ಮಾಡ್ದೇ ಇರೋದೇ ಆರೈಕೆ ಸಾರ್. ಬಿಸಿಲು ಚೆನ್ನಾಗಿ ಬೀಳ್ಬೇಕು. ಮರಳು, ಜಲ್ಲಿ ಬೆರೆಸಿದ ಮಣ್ಣು. ಕುಂಡದ ತಳದಲ್ಲಿ ದೊಡ್ಡ ತೂತು ಇರ್ಬೇಕು, ನೀರು ನಿಲ್ಲಂಗಿಲ್ಲ. ಗೊಬ್ಬರ ಬ್ಯಾಡ. ಬೆರಳು ಚುಚ್ಚಿ ನೋಡಿ, ಒಳಗೂ ಒಣಗಿದ್ರೆ ಒಂದ್ ಲೋಟ ನೀರು ಹಾಕಿ. ಇಲ್ಲಾಂದ್ರೆ ಮುಟ್ಲೇಬೇಡಿ.”

“ನಮ್ಮ ಕಡೂರಿಗೆ ಹೇಳಿ ಮಾಡಿಸಿದ ಗಿಡ ಅನ್ನಿ.”

“ಹೂ ಮತ್ತೆ! ನೀರಿಲ್ದೆ ಸತ್ತಿರೋ ಲ್ಯಾವೆಂಡರ್ ನಾನು ನೋಡೇ ಇಲ್ಲ ಸಾರ್. ಎಲ್ಲಾ ಪ್ರೀತಿ ಜಾಸ್ತಿಯಾಗಿ ಸತ್ತಿರೋವೇ.”

ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಬಗ್ಗಿ ನೋಡಿ, “ದವನನಾ ಸಾರ್?” ಅಂದ. ನಾನು ಕೊಂಚ ಗತ್ತಿನಿಂದ “ಲ್ಯಾವೆಂಡರ್” ಅಂದೆ. “ಓ, ಪೌಡರ್ ಗಿಡ!” ಅಂದ. ನಾನು ಕಿಟಕಿಯಾಚೆ ನೋಡತೊಡಗಿದೆ. ಇಂಥವರ ಜೊತೆ ಏನು ಮಾತಾಡುವುದು?

ಮನೆಗೆ ಬಂದವನೇ ಹೊಸಿಲಲ್ಲೇ ನಿಂತು ಕೂಗಿದೆ. “ಗಿರಿಜಾ, ಲ್ಯಾವೆಂಡರ್ ತಂದಿದೀನಿ ಕಣೇ!”

ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿತ್ತು. ಬಾಗಿಲ ಹಿಂದೆ ಅತ್ತೆ ಇದ್ದರು. (ಈ ಮಿಕ್ಸಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.)

ಅತ್ತೆ ನಮ್ಮ ಮನೆಗೆ ಬಂದು ಆಗ ಹತ್ತು ದಿನವಾಗಿತ್ತು. ನನ್ನ ಬಾಮೈದ ಊರಲ್ಲಿ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸುತ್ತಿದ್ದಾನೆ. ಆ ಸಿಮೆಂಟು, ಧೂಳಿಗೆ ಅತ್ತೆಗೆ ಉಬ್ಬಸ ಕೆರಳಿತು. ಕೆಲಸ ಮುಗಿಯುವವರೆಗೆ ಧೂಳಿನ ಕಡೆ ತಲೆ ಹಾಕಬಾರದು ಅಂತ ಡಾಕ್ಟರು ಗದರಿದ ಮೇಲೆ ಅವನು ಅವರನ್ನು ನಮ್ಮಲ್ಲಿ ತಂದು ಬಿಟ್ಟ. ಆದರೆ ಅತ್ತೆಗೆ ಒಂದು ಗಳಿಗೆ ನೆಮ್ಮದಿ ಇಲ್ಲ. ಅಳಿಯನ ಮನೆಯಲ್ಲಿ ತಿಂಗಳುಗಟ್ಟಲೆ ಕೂತು ಉಣ್ಣುವುದೇ? ತಂದ ಬ್ಯಾಗನ್ನು ಬಿಚ್ಚಲೇ ಇಲ್ಲ. ಮಂಚದ ಪಕ್ಕ ಜಿಪ್ ಎಳೆದೇ ಇಟ್ಟಿದ್ದರು. ಒಂದು ಸೀರೆ ತೆಗೆಯುವುದು, ಮತ್ತೆ ಜಿಪ್ ಎಳೆಯುವುದು. “ಸೋಮವಾರ ಹೊಂಟೋಯ್ತೀನಿ ಕಣೇ” ಅಂತ ದಿನಾ ಹೇಳುತ್ತಿದ್ದರು. ಹೋದರೆ ಮತ್ತೆ ಅದೇ ಧೂಳು, ಅದೇ ಉಬ್ಬಸ. ಗಿರಿಜಳಿಗೆ ಭಯ. ರಾತ್ರಿ ಉಸಿರು ಕಟ್ಟಿದರೆ ಆ ಊರಿಂದ ಆಸ್ಪತ್ರೆಗೆ ಕರೆತರುವವರು ಯಾರು?

ನಾನೇನು ಮಾಡಿದೆ? “ಇರಿ ಅತ್ತೆ” ಅಂತ ಒಂದು ಮಾತು ಹೇಳಿದೆನೇ? ಇಲ್ಲ. ನಾನು ಎದುರು ನಿಂತು ಮಾತಾಡಿದರೆ ಅವರಿಗೆ ಮುಜುಗರವಾಗುತ್ತದೆ ಎಂಬ ಸೊಗಸಾದ ನೆಪ ನನ್ನ ಬಳಿ ಇತ್ತು. ಅದೂ ಅಲ್ಲದೆ ನನಗೆ ಗಿಡದ ಕೆಲಸವಿತ್ತು.

ಕೆಲಸವೆಂದರೆ ಅಂತಿಂಥದಲ್ಲ. ಅಂಗಳದಲ್ಲಿ ಯಾವ ಮೂಲೆಗೆ ಎಷ್ಟು ಗಂಟೆ ಬಿಸಿಲು ಬೀಳುತ್ತದೆ ಎಂದು ರಜೆ ಹಾಕಿ ಅಳೆದೆ. ಗಂಟೆಗೊಂದು ಸಲ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. “ಹದ್ದುಬಸ್ತು ಮಾಡ್ತಿದೀರಾ? ಯಾರು ಅರ್ಜಿ ಹಾಕಿದ್ರು?” ಎಂದು ಗಿರಿಜ ಕೇಳಿದಳು. ನಾನು ಮುಂದಿನ ಗೆರೆ ಎಳೆದೆ. ವಿಜ್ಞಾನ ಗೊತ್ತಿಲ್ಲದವರ ಜೊತೆ ವಾದ ಏಕೆ? ಮಣ್ಣಿನ ಕುಂಡ ತಂದೆ, ತಳದ ತೂತನ್ನು ದೊಡ್ಡದು ಮಾಡಿದೆ, ಮರಳು ಜರಡಿ ಹಿಡಿದೆ, ಜಲ್ಲಿಯನ್ನು ತೊಳೆದೆ. ನನ್ನ ತಲೆಗೆ ನಾನೇ ಇಷ್ಟು ಮುತುವರ್ಜಿಯಿಂದ ಎಣ್ಣೆ ಹಚ್ಚಿಕೊಂಡವನಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಇನ್ನೊಂದು ರೀಲ್ ಬಂತು. ಗಿಡದ ಜೊತೆ ದಿನಾ ಐದು ನಿಮಿಷ ಮಾತಾಡಬೇಕಂತೆ. ಹೊಸ ಜಾಗಕ್ಕೆ ಬಂದ ಗಿಡಕ್ಕೆ ಗಾಬರಿ ಇರುತ್ತದಂತೆ. ಧೈರ್ಯ ಹೇಳಬೇಕಂತೆ.

ಹೇಳಿದೆ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದೆ. ಫಾರಿನ್ ಗಿಡ, ಏಕವಚನ ಚೆನ್ನಾಗಿರುವುದಿಲ್ಲವೆಂದು ಬಹುವಚನವನ್ನೇ ಬಳಸಿದೆ. “ಹೇಗಿದೀರಿ? ಹೊಸ ಜಾಗ ಅಂತ ಬೇಜಾರು ಮಾಡ್ಕೋಬೇಡಿ. ಸ್ವಲ್ಪ ದಿನ ಹಾಗೇ ಅನ್ಸುತ್ತೆ, ಆಮೇಲೆ ಹೊಂದ್ಕೋತೀರಿ. ನಿಮ್ಗೆ ಇಲ್ಲಿ ಯಾವ ತೊಂದ್ರೆನೂ ಆಗ್ದಂಗೆ ನೋಡ್ಕೋತೀನಿ. ಆರಾಮಾಗಿ ಇರಿ.”

ಹಿಂದಿನ ಕಿಟಕಿಯಲ್ಲಿ ಯಾರು ನಿಂತಿದ್ದರು ಎಂದು ತಿರುಗಿ ನೋಡುವ ಅಭ್ಯಾಸ ನನಗಿಲ್ಲ.

ಗಿರಿಜಳಿಗೆ ಒಂದು ಕಟ್ಟಪ್ಪಣೆಯನ್ನೂ ಮಾಡಿದೆ. “ನಿಮ್ಮಮ್ಮಂಗೆ ಹೇಳು, ಆ ಗಿಡಕ್ಕೆ ನೀರು ಹಾಕೋದು ಬೇಡ ಅಂತ.” ಗಿರಿಜ ಹೇಳಿದಳು. “ಆಯ್ತು ಅಂದ್ಳು” ಅಂತ ಉತ್ತರವೂ ಬಂತು. ನಾನು ನಿಶ್ಚಿಂತನಾದೆ.

ಎರಡನೇ ವಾರಕ್ಕೆ ಮೊಗ್ಗು ಉದುರಿತು. ಮೂರನೇ ವಾರಕ್ಕೆ ಕೆಳಗಿನ ಎಲೆ ಹಳದಿಯಾಯಿತು. ಬೆರಳು ಚುಚ್ಚಿ ನೋಡಿದರೆ ಒಳಗೆಲ್ಲ ಒದ್ದೆ! ನಾನು ವಾರದಿಂದ ಒಂದು ಹನಿಯೂ ಹಾಕಿಲ್ಲ. ಇನ್ನೆರಡು ವಾರ ಹಾಕದೇ ಬಿಟ್ಟೆ. ಆಗಲೂ ಒದ್ದೆ. ನಮ್ಮ ತಾಲ್ಲೂಕಿನಲ್ಲಿ ಎಲ್ಲೆಲ್ಲೋ ಬೋರ್‌ವೆಲ್ ಕೊರೆಸಿದರೂ ಬರೀ ಪುಡಿ ಬರುತ್ತಿರುವಾಗ, ನನ್ನ ಕುಂಡದಲ್ಲಿ ಮಾತ್ರ ಒರತೆ ಉಕ್ಕುತ್ತಿದೆಯೇ?

ಫೇಸ್‌ಬುಕ್ಕಿನ ಕೈತೋಟದ ಗುಂಪಿನಲ್ಲಿ ಫೋಟೋ ಹಾಕಿ ಸಲಹೆ ಕೇಳಿದೆ. ನೀರು ಜಾಸ್ತಿಯಾಗಿದೆ ಅಂದರು ಒಬ್ಬರು. ಕಮ್ಮಿಯಾಗಿದೆ ಅಂದರು ಇನ್ನೊಬ್ಬರು. ದೃಷ್ಟಿ ತಾಗಿದೆ ಅಂದರು ಮತ್ತೊಬ್ಬರು. ಒಬ್ಬರು ಕೈಮುಗಿದ ಚಿತ್ರದ ಜೊತೆ ಶುಭೋದಯ ಕೋರಿದರು. ನಾನು ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕಿನ ಮೇಲೆ ಅನುಮಾನಪಟ್ಟೆ. ನೀರು ನೆಲದೊಳಗೇ ಹರಿದು ಕುಂಡಕ್ಕೆ ಏರುತ್ತಿರಬಹುದೆಂದು ಒಂದು ನಕ್ಷೆಯನ್ನೂ ಬರೆದೆ. (ನಕ್ಷೆ ಚೆನ್ನಾಗಿ ಬಂದಿತ್ತು. ಇಟ್ಟುಕೊಂಡಿದ್ದೇನೆ.)

ಇಷ್ಟರ ನಡುವೆ ಅತ್ತೆ ಸೋಮವಾರದ ಮಾತೆತ್ತುವುದನ್ನು ನಿಲ್ಲಿಸಿದ್ದರು. ಅದು ನನ್ನ ಗಮನಕ್ಕೇ ಬರಲಿಲ್ಲ. ನಾನು ಎಲೆ ಎಣಿಸುತ್ತಿದ್ದೆ.

ಈಗ ಭಾನುವಾರಕ್ಕೆ ಬರೋಣ. ಬೆಳಿಗ್ಗೆ ಎದ್ದು ಕಾಫಿ ಹಿಡಿದು ಅಂಗಳಕ್ಕೆ ಹೋದೆ. ಕುಂಡವಿದೆ, ಗಿಡವಿಲ್ಲ. ಮಣ್ಣು ನೀಟಾಗಿ ಕೆದಕಿದೆ. ಹಸು ಮೇಯ್ದಿದ್ದರೆ ಬುಡವಾದರೂ ಉಳಿಯಬೇಕಿತ್ತು. ಕಳ್ಳ ಕದ್ದನೆಂದರೆ ಕುಂಡ ಬಿಟ್ಟು ಅರೆಜೀವದ ಗಿಡ ಒಯ್ಯುವ ಕಳ್ಳ ಯಾರು? ಕೂಗಾಡುತ್ತಾ ಒಳಗೆ ಬಂದೆ. ಆಗಲೇ ಅತ್ತೆ ಲೋಟದೊಂದಿಗೆ ಎದುರಾದದ್ದು.

“ತಗಳ್ಳಿ, ಕುಡೀರಿ. ಮೊದ್ಲು ನೀವೇ ಕುಡೀಬೇಕು. ತಂದೋರು ನೀವು” ಅಂದರು.

ಲೋಟ ಇಸಿದುಕೊಂಡು ಅಡುಗೆಮನೆಯತ್ತ ನೋಡಿದೆ. ಕಟ್ಟೆಯ ಮೇಲೆ ಹೊಸ ಮಣ್ಣಿನ ಗಡಿಗೆ. ಅದರ ಬಾಯಿಗೆ ಬಿಳಿ ಬಟ್ಟೆ. ಪಕ್ಕದಲ್ಲಿ ಬೇರು ಕತ್ತರಿಸಿದ ನನ್ನ ಲ್ಯಾವೆಂಡರ್ ಅಂಗಾತ ಬಿದ್ದಿತ್ತು.

“ಗಿರಿಜಾ!” ಎಂದೆ. ನಾನು ಹಾಗೆ ಕಿರುಚಿದ್ದನ್ನು ಅಜ್ಜಂಪುರದ ಯಾವ ರೈತನೂ ಕೇಳಿಲ್ಲ.

ಗಿರಿಜ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಅವಳಿಗೂ ಆಗ ತಾನೇ ಪೂರ್ತಿ ಗೊತ್ತಾಗಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

“ಅಮ್ಮ ಅದನ್ನ ಲಾವಂಚ ಅಂದ್ಕೊಂಡಿದ್ಳಂತೆ ಕಣ್ರೀ.”

ಲ್ಯಾವೆಂಡರ್. ಲಾವಂಚ. ನಡುವೆ ಒಂದು ಮಿಕ್ಸಿ.

ಲಾವಂಚ ನಿಮಗೆ ಗೊತ್ತಲ್ಲ. ಬೇರಿಗೆ ಹೆಸರಾದದ್ದು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಹಾಕಿದರೆ ಘಮ್ಮೆನ್ನುತ್ತದೆ. ಅತ್ತೆ ಬಂದ ಹೊಸತರಲ್ಲಿ, “ಈ ಫಿಲ್ಟರ್ ಮಿಷನ್ ನೀರಿಗೆ ರುಚೀನೇ ಇಲ್ಲ ಕಣೇ. ನಮ್ಮಪ್ಪನ ಮನೇಲಿ ಗಡಿಗೆಗೆ ಲಾವಂಚದ ಬೇರು ಹಾಕೋರು” ಅಂತ ಗಿರಿಜಳಿಗೆ ಹೇಳಿದ್ದರಂತೆ. ನಾನು ಆಗ ಪಕ್ಕದಲ್ಲೇ ಪೇಪರ್ ಓದುತ್ತಿದ್ದೆನಂತೆ. ನಾಲ್ಕೇ ದಿನಕ್ಕೆ ಅಳಿಯ ಹೊಸಿಲಲ್ಲಿ ನಿಂತು ‘ಲಾವಂಚ ತಂದಿದೀನಿ’ ಅಂತ ಕೂಗಿದರೆ ಅವರೇನು ತಿಳಿದುಕೊಳ್ಳಬೇಕು?

“ಲಾವಂಚ ಹುಲ್ಲಿನ ಜಾತಿಯಲ್ಲವೇನೇ? ಇದು ಪೊದೆ!”

“ಅವಳು ಸಂತೇಲಿ ಬೇರಿನ ಕಟ್ಟು ನೋಡಿದ್ದು ಅಷ್ಟೇ. ಗಿಡ ನೋಡಿಲ್ಲ. ನೀರಿರೋ ಕಡೆ ಬೆಳೀತದೆ ಅಂತ ಕೇಳಿದ್ಳಂತೆ. ಇದು ಹೈಬ್ರೀಡ್ ಇರ್ಬೇಕು ಅಂದ್ಕೊಂಡ್ಳಂತೆ.”

ಅಲ್ಲಿಗೆ ಒರತೆಯ ಮೂಲ ಸಿಕ್ಕಿತು. ನಾನು ಆಫೀಸಿಗೆ ಹೊರಟು, ಗಿರಿಜ ಒಳಗೆ ಕೆಲಸಕ್ಕೆ ತೊಡಗಿದ ಕೂಡಲೇ ಅತ್ತೆ ಕುಂಡವನ್ನು ಬಚ್ಚಲ ಪಕ್ಕದ ನೆರಳಿಗೆ ಎಳೆಯುತ್ತಿದ್ದರಂತೆ. ಬೆಳಿಗ್ಗೆ ಒಂದು ತಂಬಿಗೆ ನೀರು, ಮಧ್ಯಾಹ್ನ ಅಕ್ಕಿ ತೊಳೆದ ನೀರು. ತಳದಿಂದ ನೀರು ಸೋರುತ್ತಿದೆ ಎಂದು ತೂತಿಗೆ ಹಳೇ ಬಟ್ಟೆಯ ಬಿರಡೆ. ಸಂಜೆ ನಾನು ಬರುವ ಮೊದಲು, ಅಳಿಯಂದಿರು ಇಟ್ಟ ಜಾಗ ತಪ್ಪಬಾರದೆಂದು, ಸೀಮೆಸುಣ್ಣದ ಗೆರೆ ನೋಡಿಕೊಂಡು ಅದೇ ಜಾಗಕ್ಕೆ ವಾಪಸ್. ಉಬ್ಬಸದ ಮುದುಕಿ, ದಿನಕ್ಕೆರಡು ಸಲ ಮರಳು ತುಂಬಿದ ಕುಂಡ ಎಳೆದಿದ್ದಾರೆ! ಅದನ್ನು ಕೇಳಿ ನನಗೆ ಗಾಬರಿಯಾಯಿತು.

“ನೀರು ಹಾಕಬೇಡಿ ಅಂತ ಹೇಳಿರಲಿಲ್ವಾ?”

“ಹೇಳಿದ್ದೆ. ‘ಪಾಪ, ನಂಗೆ ಸುಸ್ತಾಯ್ತದೆ ಅಂತ ಅಂದವ್ರೆ’ ಅಂದ್ಕೊಂಡ್ಳಂತೆ.”

ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಮೂರು ತಿಂಗಳು ಅಂದರೆ ತಮಾಷೆಯೇ? ಇವತ್ತು ಹೇಳಿಯೇ ಬಿಡುತ್ತೇನೆ, ಇದು ಲಾವಂಚವೂ ಅಲ್ಲ, ನಿಮಗಾಗಿ ತಂದದ್ದೂ ಅಲ್ಲ ಅಂತ ಬಾಯಿ ತೆರೆದೆ.

“ಇನ್ನೊಂದಿದೆ” ಅಂದಳು ಗಿರಿಜ. “ನೀವು ದಿನಾ ಬೆಳಿಗ್ಗೆ ಅವಳ ಹತ್ರ ಮಾತಾಡ್ತಿದ್ರಂತೆ.”

“ನಾನಾ?”

“ಗಿಡದ ನೆಪದಲ್ಲಿ. ‘ಹೊಸ ಜಾಗ ಅಂತ ಬೇಜಾರು ಮಾಡ್ಕೋಬೇಡಿ, ಆರಾಮಾಗಿ ಇರಿ’ ಅಂತ. ಕಿಟಕಿ ಹತ್ರ ನಿಂತ್ಕೊಂಡು ದಿನಾ ಕೇಳಿಸ್ಕೊಳ್ತಿದ್ಳಂತೆ. ‘ಅತ್ತೆ ಮುಂದೆ ನಿಂತು ಮಾತಾಡ್ದೆ, ಎಷ್ಟು ಮರ್ಯಾದೆಯಿಂದ ಗಿಡಕ್ಕೆ ಹೇಳೋ ಹಂಗೆ ಹೇಳ್ತಾರೆ ನೋಡೇ’ ಅಂದ್ಳು. ಅವತ್ತೇ ಬ್ಯಾಗು ಬಿಚ್ಚಿದ್ದಾಳೆ. ಊರಲ್ಲಿ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದಾಳೆ.”

ತೆರೆದ ಬಾಯಿ ಮುಚ್ಚಿದೆ.

ಒಳಗೆ ಹೋಗಿ ನೋಡಿದೆ. ಬ್ಯಾಗು ಮಡಿಸಿ ಬೀರುವಿನ ಮೇಲೆ ಇಟ್ಟಿತ್ತು. ಸೀರೆಗಳು ಒಳಗೆ ಗಿರಿಜಳ ಸೀರೆಗಳ ಪಕ್ಕದಲ್ಲಿದ್ದವು. ಎರಡೂವರೆ ತಿಂಗಳಿಂದ ಹೀಗೇ ಇತ್ತಂತೆ. ಅಂಗಳದ ನೆರಳನ್ನು ಇಂಚಿಂಚು ಅಳೆದವನಿಗೆ ಇದು ಕಂಡಿರಲಿಲ್ಲ. ನಾಚಿಕೆಯಾಯಿತು. ಒಂದು ಗಿಡಕ್ಕೆ ಎಷ್ಟು ಬಿಸಿಲು ಬೇಕು, ಎಷ್ಟು ನೀರು ಬೇಕು, ಯಾವ ಮಾತು ಬೇಕು ಎಂದು ತಿಳಿಯಲು ಇಡೀ ಇಂಟರ್ನೆಟ್ ಜಾಲಾಡಿದವನು ನಾನು. ಅತ್ತೆಗೆ ಯಾವ ನೀರು ಬೇಕು ಎಂಬುದು ಪಕ್ಕದಲ್ಲೇ ಕೂತಿದ್ದರೂ ಕೇಳಿಸಿರಲಿಲ್ಲ. ಗಿಡಕ್ಕೆ ಹೇಳಿದ ಆ ಮಾತನ್ನು ಮನುಷ್ಯರಿಗೆ ಹೇಳಿ ಎಂದು ಯಾಕೆ ಒಂದು ರೀಲೂ ಬರುವುದಿಲ್ಲ? ಲೈಕ್ ಸಿಗುವುದಿಲ್ಲವೋ ಏನೋ.

ಲೋಟ ಇನ್ನೂ ಕೈಯಲ್ಲೇ ಇತ್ತು. ಅತ್ತೆ ಬಾಗಿಲ ಹಿಂದೆ ಸರಿಯದೆ ನನ್ನ ಮುಖವನ್ನೇ ನೋಡುತ್ತಿದ್ದರು. ಕುಡಿದೆ. ಒಂದೇ ಗುಟುಕಿಗೆ. ಮಣ್ಣು, ಮರಳು, ಕೊಳೆತ ಬೇರು. ಮೂರು ತಿಂಗಳ ಅಕ್ಕಿ ತೊಳೆದ ನೀರಿನ ಹುಳಿ ವಾಸನೆ ಬೇರೆ.

“ಹೆಂಗೈತೆ?”

“ಘಮ್ ಅಂತಿದೆ ಅತ್ತೆ” ಅಂದೆ. ಇಪ್ಪತ್ತಮೂರು ವರ್ಷದಲ್ಲಿ ನಾನು ಅವರಿಗೆ ನೇರವಾಗಿ ಹೇಳಿದ ಮೊದಲ ಮಾತು. ಅದೂ ಸುಳ್ಳು.

ಅತ್ತೆ ತಾವೂ ಒಂದು ಲೋಟ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದರು. ಮುಖ ಕಿವಿಚಿದರು. ಆಮೇಲೆ ಬಹಳ ಮೃದುವಾಗಿ, ಸಾವಿನ ಸುದ್ದಿ ತಿಳಿಸುವವರ ಧ್ವನಿಯಲ್ಲಿ ಹೇಳಿದರು. “ಘಮ್ಮೂ ಇಲ್ಲ, ಏನೂ ಇಲ್ಲ. ಇದು ಲಾವಂಚ ಅಲ್ಲ ಕಣ್ರಪ್ಪಾ. ಯಾವ್ದೋ ಕಳೆ ಕೊಟ್ಟು ಅಂಗಡಿಯೋನು ನಿಮ್ಗೆ ಚೆನ್ನಾಗಿ ಟೋಪಿ ಹಾಕವ್ನೆ. ಹೋಗ್ಲಿ ಬಿಡಿ. ನೀವು ತಂದ್ರಲ್ಲ, ಅಷ್ಟೇ ಸಾಕು ನಂಗೆ.”

ಅವತ್ತು ಸಂಜೆಯೇ ಗ್ರಂದಿಗೆ ಅಂಗಡಿಗೆ ಹೋಗಿ ಲಾವಂಚದ ಬೇರಿನ ಒಂದು ಕಟ್ಟು ತಂದೆ. ಗಡಿಗೆಯ ನೀರು ಈಗ ನಿಜಕ್ಕೂ ಘಮಘಮಿಸುತ್ತಿದೆ. ಅತ್ತೆ ಪೂರ್ತಿ ಬದಲಾಗಿಬಿಟ್ಟರು ಅಂದುಕೊಳ್ಳಬೇಡಿ. ಮಾರನೇ ದಿನವೇ ಮತ್ತೆ ಬಾಗಿಲ ಹಿಂದೆ ಸೇರಿಕೊಂಡರು. ಆದರೆ ಬೆಳಿಗ್ಗೆ ಖಾಲಿ ಕುಂಡದ ಮುಂದೆ ನಿಂತು ನಾನು “ಹೇಗಿದೀರಿ, ಉಬ್ಬಸ ಕಮ್ಮಿ ಆಯ್ತಾ?” ಅಂತ ಕೇಳಿದರೆ, ಕಿಟಕಿಯಿಂದ “ಪರವಾಗಿಲ್ಲ” ಅಂತ ಉತ್ತರ ಬರುತ್ತದೆ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ನೋಡಲಿ. ತಲೆನೋವು? ಇದೆ. ಅಣ್ಣತಮ್ಮಂದಿರು ಇರುವವರೆಗೂ ಇರುತ್ತದೆ.

ಮೊನ್ನೆ ಆಫೀಸಿನ ಕೆಲಸದ ಮೇಲೆ ತರೀಕೆರೆಗೆ ಹೋದಾಗ ಅದೇ ನರ್ಸರಿಗೆ ಹೋದೆ. ಈ ಸಲ ಗಿಡವೇ ತಂದು ಅತ್ತೆಗೆ ತೋರಿಸೋಣವೆಂದು “ಲಾವಂಚ ಇದೆಯೇನ್ರೀ?” ಅಂದೆ. ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಅವರು ಒಳಗೆ ಹೋಗಿ ಬಂದು, ನಗುನಗುತ್ತಾ ನನ್ನ ಕೈಗೆ ಒಂದು ಲ್ಯಾವೆಂಡರ್ ಇಟ್ಟರು.

ಈಗ ಉಳಿದಿರುವುದು ಒಂದೇ ತೊಂದರೆ. ಗಿರಿಜ ಈ ಅಂಕಣವನ್ನು ವಾರವಾರ ಅತ್ತೆಗೆ ಓದಿ ಹೇಳುತ್ತಾಳೆ. ಈ ವಾರ ಪೇಪರೇ ಬರಲಿಲ್ಲ ಅನ್ನು ಎಂದು ಅವಳನ್ನು ಒಪ್ಪಿಸಿದ್ದೇನೆ. ಬಾಮೈದನ ಮನೆಯ ಕೆಲಸ ಇನ್ನೂ ಮೂರು ತಿಂಗಳಿದೆ, ಬೀರುವಿನ ಮೇಲಿನ ಬ್ಯಾಗು ಅಲ್ಲೇ ಇರಬೇಕು. ಆದ್ದರಿಂದ ಪಂಚನಹಳ್ಳಿ ಕಡೆಯ ಓದುಗರಲ್ಲಿ ಒಂದು ವಿನಂತಿ: ನಾನು ಅತ್ತೆಗೆಂದೇ ತಂದದ್ದು ಲಾವಂಚ, ಟೋಪಿ ಹಾಕಿದವನು ಅಂಗಡಿಯವನು. ತಿಳೀತಲ್ಲ?